ಬರೀ ಎಸರು

ಹೊಸತೊಡಕಿನ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳ ಹತ್ತಿದ್ದು ಪಾಲಿನ ವಿಷಯಕ್ಕೆ.

ಯುಗಾದಿಯ ಮಾರನೇ ದಿನ ನಮ್ಮ ಊರಿನಲ್ಲಿ ಒಂದಷ್ಟು ಮನೆಯವರು ಸೇರಿ ಕುರಿ ಕೊಯ್ಯಿಸುತ್ತಾರೆ. ತೋಟದಲ್ಲಿ ತೆಂಗಿನ ಗರಿ ಹಾಸಿ, ಬಾಡನ್ನು ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಊರಿನವನೇ ಆದ ತಿಮ್ಮರಾಜು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಗುಡ್ಡೆಯ ಮೇಲೆ ಕೈಯಿಟ್ಟು "ಇದ್ಯಾರ್ದು?" ಅಂದರೆ, ಅವನು ನೋಡದೆಯೇ ಒಂದು ಮನೆಯ ಹೆಸರು ಕೂಗುತ್ತಾನೆ. ಮೂಳೆಯೇ ಬಂತು, ಕೊಬ್ಬೇ ಬಂತು ಅಂತ ಆಮೇಲೆ ಯಾರೂ ಗೊಣಗುವಂತಿಲ್ಲ.

"ಈ ವರ್ಷ ನಮ್ಮನೆ ಹೆಸ್ರು ಕೂಗ್ಸೋದು ಬ್ಯಾಡ ಮಾವ," ಅಂದಳು ಸೊಸೆ ಅನಿತಾ.

ನನ್ನ ಯಜಮಾನರು ಪಾತ್ರೆ ಹಿಡಿದು ಹೊರಟವರು ಬಾಗಿಲಲ್ಲೇ ನಿಂತರು. "ಗುಡ್ಡೆ ಬುಟ್ರೆ ಊರೇ ಬುಟ್ಟಂಗೆ ಕಣಮ್ಮ. ಶಿವಣ್ಣ, ನಿನ್ನ ಮನೇಲಿ ಏನಾಗೈತೆ ಅಂತ ನನ್ನ ಕೇಳಲ್ವಾ ಜನ?"

"ಏನಾಗೈತೆ ಅಂತ ನಿಮಗೇ ಗೊತ್ತಲ್ಲ."

ಗೊತ್ತಿತ್ತು. ನನ್ನ ಮಗ ಮೋಹನ ಕೊಬ್ಬರಿ ಸುಲಿಯುವವನು, ದಿನವಿಡೀ ನಿಂತೇ ಮಾಡುವ ಕೆಲಸ. ಶಿವರಾತ್ರಿಗೆ ಮುಂಚೆ ಅವನ ಕಾಲಿನ ಹೆಬ್ಬೆರಳು ಊದಿ ಕೆಂಪಗಾಯಿತು. ಚಿಕ್ಕನಾಯಕನಹಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ಬಹಳ ಏರಿದೆ, ಕಿಡ್ನಿಗೂ ತಾಗುತ್ತಿದೆ, ಬಾಡು ಕಡಿಮೆ ಮಾಡಿ ಅಂದಿದ್ದರು. ಕಿಡ್ನಿ ಎಂಬ ಮಾತು ಕೇಳಿದ ದಿನದಿಂದ ಅನಿತಾ ಸರಿಯಾಗಿ ಉಂಡಿರಲಿಲ್ಲ. ಅಮ್ಮಸಂದ್ರದಲ್ಲಿದ್ದ ಅವಳ ಅಪ್ಪ ಡಯಾಲಿಸಿಸ್ ಮಾಡಿಸಿಕೊಂಡು ಮಾಡಿಸಿಕೊಂಡೇ ತೀರಿಹೋದವರು. ಸೂಜಿ ಚುಚ್ಚಿಸಿಕೊಂಡು ಉಬ್ಬಿದ್ದ ಅವರ ಕೈಯನ್ನು ನಾನೂ ನೋಡಿದ್ದೆ.

"ನಮ್ಮಪ್ಪ ಬಾಡು ತಿಂದ್ಕೊಂಡೇ ತೊಂಬತ್ತು ವರ್ಷ ಗಟ್ಟಿಯಾಗಿದ್ದ," ಅಂದರು ಯಜಮಾನರು.

"ಅಜ್ಜ ವಾರಕ್ಕೆ ಮೂರು ದಿನ ತಿಂತಿದ್ರಾ? ಹಬ್ಬಕ್ಕೊಂದು ದಿನ, ನೆಂಟ್ರು ಬಂದ್ರೆ ಒಂದು ದಿನ. ನಿಮ್ಮ ಮಗಂಗೆ ಭಾನುವಾರ ಕುರಿ, ಬುಧವಾರ ಕೋಳಿ, ಮಧ್ಯ ಸಂತೇಲಿ ಬೋಟಿ."

"ಹಂಗಾದ್ರೆ ಹುಲ್ಲು ಹಾಕು ಅವನಿಗೆ. ಹಸು ಪಕ್ಕ ಕಟ್ಟು."

"ಒಂದು ಲೀಟರ್ ಹಾಲು ಕರ್ಕೊಬೋದು ಬುಡಪ್ಪ," ಅಂದ ಮೋಹನ ಜಗುಲಿಯಿಂದ. ಅವನು ನಕ್ಕ, ಅವಳು ನಗಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನಾನೊಬ್ಬಳೇ ನೋಡಿದೆ.

ನಡುವೆ ನಿಂತವಳು ನಾನು. ಅನಿತಾಳ ಭಯ ಸುಳ್ಳಲ್ಲ. ಯಜಮಾನರ ಮಾತೂ ಬರೀ ಹಟವಲ್ಲ, ಮಗ ಸೊರಗುತ್ತಾನೆ ಎಂಬ ಸಂಕಟ ಅದು. ಅದಕ್ಕೇ ನಾನು ಅಂದೆ, "ಪಾಲು ತರ್ಲಿ ಬುಡವ್ವ. ಮೋಹನಂಗೆ ತುಂಡು ಇಕ್ಕೋದು ಬ್ಯಾಡ. ಬರೀ ಎಸರು ಬುಡಾನ. ಬಾಡು ತಿಂದಂಗೂ ಅಲ್ಲ, ಹಬ್ಬ ಕಳ್ದಂಗೂ ಆಯ್ತು."

ಅನಿತಾ ಕಣ್ಣೊರೆಸಿಕೊಂಡಳು. "ತುಂಡು ಒಂದೂ ಬೀಳಬಾರ್ದು ಅತ್ತೆ."

"ಒಂದೂ ಬೀಳಲ್ಲ."

ಪಾಲಿನಲ್ಲಿ ಬಂದ ಕಾಲು, ಮೂಳೆ, ಈಲಿ ಎಲ್ಲವನ್ನೂ ಹಾಕಿ, ಹುರಿದು ರುಬ್ಬಿದ ಖಾರ ಬೆರೆಸಿ ಚೆನ್ನಾಗಿ ಕುದಿಸಿದೆ. ಮೋಹನನ ಬಟ್ಟಲಿಗೆ ಜರಡಿ ಹಿಡಿದು ಸೋಸಿದೆ. ಅನಿತಾ ಪಕ್ಕದಲ್ಲೇ ನಿಂತು ನೋಡಿದಳು. ಅವನು ಮುದ್ದೆ ಮುರಿದು ಮುಳುಗಿಸಿ ಮುಳುಗಿಸಿ ನುಂಗುತ್ತಿದ್ದರೆ, ಇನ್ನೊಂದು ಸೌಟು ತಂದು ಬಿಟ್ಟವಳೂ ಅವಳೇ. "ತುಂಡು ನೀವೇ ತಿನ್ರಪ್ಪ, ರುಚಿ ಎಲ್ಲಾ ನನ್ನ ಹತ್ರ ಐತೆ," ಅಂತ ಅವನು ಅಪ್ಪನನ್ನು ಅಣಕಿಸಿದ. ಎಷ್ಟೋ ದಿನದ ಮೇಲೆ ನಾಲ್ಕು ಜನ ಜಗಳವಿಲ್ಲದೆ ಉಂಡೆವು. ಮಿಕ್ಕ ಎಸರನ್ನು ಮಾರನೇ ದಿನವೂ ಬಿಸಿ ಮಾಡಿ ಅವನೊಬ್ಬನಿಗೇ ಬಡಿಸಿದೆ.

ಅದರ ಮಾರನೇ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ಹೆಬ್ಬೆರಳಷ್ಟೇ ಅಲ್ಲ, ಕಾಲಿನ ಹರಡೂ ಊದಿ ಕೆಂಡದ ಹಾಗಿತ್ತು. ಮೇಲಿದ್ದ ದುಪ್ಪಟಿಯ ಅಂಚು ತಾಗಿದ್ದಕ್ಕೇ ಚೀರಿದ. ಅಷ್ಟು ದೊಡ್ಡ ಗಂಡಸು "ಅವ್ವಾ" ಅಂತ ಕೂಗಿದರೆ ಏನು ಮಾಡಬೇಕು? ಕಾಲು ಒತ್ತೋಣವೆಂದರೆ ಮುಟ್ಟುವ ಹಾಗಿಲ್ಲ.

ಆಟೋದಲ್ಲಿ ಚಿಕ್ಕನಾಯಕನಹಳ್ಳಿಗೆ ಕರೆದುಕೊಂಡು ಹೋದೆವು. ರಕ್ತ ಕೊಟ್ಟು ಕಾದು ಕೂತೆವು. ರಿಪೋರ್ಟ್ ನೋಡಿ ಡಾಕ್ಟರು ಕನ್ನಡಕ ತೆಗೆದರು.

"ಕಿಡ್ನಿ ಕೆಲಸ ಮಾಡೋ ಶಕ್ತಿ ಹೋದ ಸಲಕ್ಕಿಂತ ಕೆಳಗೆ ಹೋಗಿದೆ. ಹಬ್ಬಕ್ಕೆ ಏನು ತಿಂದ್ರಿ?"

"ಬಾಡು ಮುಟ್ಟಿಲ್ಲ ಸಾರ್," ಅಂದಳು ಅನಿತಾ. "ನಾನೇ ನಿಂತು ನೋಡಿದೀನಿ. ಬರೀ ಎಸರು."

"ಎಸರಾ? ಕುದ್ದ ಮೇಲೆ ಮಾಂಸದಲ್ಲಿರೋ ಯೂರಿಕ್ ಆಸಿಡ್ ಏರಿಸೋ ಅಂಶ ಬಹಳಷ್ಟು ಎಸರಿಗೇ ಇಳಿಯುತ್ತಮ್ಮ. ಲಿವರು, ಅದೇ ಈಲಿ ಬೇರೆ ಹಾಕಿದ್ರಾ? ಅದರ ಬದಲು ಬೆಂದ ಎರಡು ತುಂಡು ತಿಂದು ಎಸರು ಚೆಲ್ಲಿದ್ರೆ ಇಷ್ಟಾಗ್ತಿರಲಿಲ್ಲ."

ಅನಿತಾ ನನ್ನ ಕಡೆ ತಿರುಗಲಿಲ್ಲ. ತನ್ನ ಕೈಯನ್ನೇ ನೋಡುತ್ತಾ ಕೂತಳು, ಸೌಟು ಹಿಡಿದಿದ್ದ ಕೈ.

ವಾಪಸು ಬರುವಾಗ ಆಟೋದಲ್ಲಿ ಯಜಮಾನರು ಅಂದರು, "ಕೇಳಿಸ್ಕೊಂಡ್ಯಾ? ತುಂಡು ತಿನ್ಬೋದಂತೆ. ನಾನು ಮೊದ್ಲೇ ಹೇಳ್ದೆ."

"ಅಷ್ಟೇ ಕೇಳಿಸ್ತಾ ಮಾವ ನಿಮಗೆ? ಕಿಡ್ನಿ ಕೆಳಗೆ ಹೋಗ್ತೈತೆ ಅಂದಿದ್ದು ಕೇಳಿಸ್ಲಿಲ್ವಾ? ಇನ್ಮೇಲೆ ನಮ್ಮ ಒಲೆ ಮೇಲೆ ಬಾಡಿನ ಪಾತ್ರೆ ಇಡಕೂಡ್ದು."

"ಎಸರಿಲ್ದೆ ಮುದ್ದೆ ಹೆಂಗಮ್ಮ ಇಳಿತೈತೆ? ಉಪವಾಸ ಕೆಡವ್ತೀಯಾ ನನ್ನ ಮಗನ್ನ?"

"ಮಾವ, ನನಗೂ ಅವರು ಗಂಡ."

ಮೋಹನ ಇಬ್ಬರ ನಡುವೆ ಕಾಲು ಚಾಚಿ, ಕಣ್ಣು ಮುಚ್ಚಿ ಒರಗಿದ್ದ. ರಸ್ತೆಯ ಗುಂಡಿ ಬಂದಾಗಲೆಲ್ಲ ಅವನ ಮುಖ ಕಿವುಚಿಕೊಳ್ಳುತ್ತಿತ್ತು. "ಸ್ವಲ್ಪ ನಿಧಾನ ಕಣಪ್ಪ," ಅಂತ ಡ್ರೈವರಿಗೆ ಹೇಳುತ್ತಾ ಬಂದೆ.

ಮನೆಗೆ ಬಂದು ಒಲೆ ಹಚ್ಚಿದೆ. ಮಾತ್ರೆ ನುಂಗಬೇಕಾದರೆ ಅವನು ಏನಾದರೂ ಉಣ್ಣಲೇಬೇಕು. ಹುರುಳಿಕಾಳನ್ನು ಸೊಪ್ಪಿನ ಜೊತೆ ಬೇಯಿಸಿ, ಬಸಿದ ನೀರಿಗೆ ಖಾರ ಹಾಕಿ ಬಸ್ಸಾರು ಮಾಡಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೂ ಅವನು ಇದನ್ನು ಬೇಡ ಅಂದವನಲ್ಲ. ಹಾಸಿಗೆಯ ಹತ್ತಿರವೇ ಮುದ್ದೆಯ ತಟ್ಟೆ ಇಟ್ಟು ಬಟ್ಟಲು ಕೈಗೆ ಕೊಟ್ಟೆ.

ಅವನು ತುತ್ತು ಮುರಿದು, ಬಟ್ಟಲಿನ ಹತ್ತಿರ ತಂದು, ಹಾಗೇ ತಡೆದ.

"ಇದ್ರಾಗೆ ಏನೇನು ಹಾಕಿದೀಯವ್ವ?"

ನಾನು ಬಡಿಸಿದ್ದನ್ನು ಅವನು ಹೀಗೆ ಕೇಳಿದ್ದು ಇದೇ ಮೊದಲು.

"ಹುರುಳಿಕಾಳು, ಸೊಪ್ಪು ಕಣಪ್ಪ."

"ಬೇಯಿಸಿದ ನೀರೇ ಅಲ್ವಾ ಇದೂ? ಕಾಳಿಂದು ಇದಕ್ಕೆ ಇಳಿದಿರಲ್ವಾ?"

ಅನಿತಾ ಬಾಗಿಲಿಗೆ ಬಂದು ನಿಂತಳು. ಅವಳಿಗೂ ಗೊತ್ತಿರಲಿಲ್ಲ. ಫೋನ್ ತೆಗೆದು ಹುಡುಕಿದಳು. ಒಂದು ಕಡೆ ತಿನ್ನಬಹುದು ಅಂತಿತ್ತು, ಇನ್ನೊಂದು ಕಡೆ ಬೇಡ ಅಂತಿತ್ತು. ಡಾಕ್ಟರಿಗೆ ಮಾಡಿದ ಫೋನು ರಿಂಗಾಗಿ ನಿಂತಿತು.

"ತಿನ್ಲಾ, ಬ್ಯಾಡ್ವಾ? ನೀನೇ ಹೇಳವ್ವ," ಅಂದ ಮೋಹನ.

ಬಸ್ಸಾರು ತಣ್ಣಗಾಗುತ್ತಿತ್ತು. ನಾನು ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡೆ. ಒಣ ಮುದ್ದೆಯನ್ನೇ ಸಣ್ಣ ಸಣ್ಣ ತುತ್ತು ಮಾಡಿ, ಒಂದೊಂದಕ್ಕೂ ಒಂದು ಗುಟುಕು ನೀರು ಕುಡಿಸುತ್ತಾ, ನುಂಗು ಮಗ, ನುಂಗು ಅನ್ನುತ್ತಾ ಕೂತೆ.