ದೊರೆಯ ಕೋಣೆ

ಕಾಗದದ ಕಾರ್ಖಾನೆಯ ನಿಯಂತ್ರಣ ಕೋಣೆಯಲ್ಲಿ ಕೂರುತ್ತಿದ್ದ ಆಪರೇಟರನ್ನು ಕೆಲಸಗಾರರೆಲ್ಲ ಬೆನ್ನ ಹಿಂದೆ ದೊರೆ ಅನ್ನುತ್ತಿದ್ದರು. ಬಾಯ್ಲರು, ಪಂಪು, ತಿರುಳಿನ ತೊಟ್ಟಿ, ಎಲ್ಲದರ ಮೀಟರಿನಿಂದಲೂ ಒಂದೊಂದು ದಪ್ಪ ಕೇಬಲ್ಲು ಗೋಡೆ ಹಿಡಿದು ಬಂದು ಅವನ ಮೇಜಿನ ಹಳೇ ಕಂಪ್ಯೂಟರಿಗೆ ಸೇರುತ್ತಿತ್ತು. ಒತ್ತಡ ಎಷ್ಟು, ಬಿಸಿ ಎಷ್ಟು ಅಂತ ಗೊತ್ತಾಗಬೇಕಾದರೆ ಮ್ಯಾನೇಜರೂ ಅವನ ಬಾಗಿಲಿಗೇ ಬರಬೇಕು. ಬಂದವರನ್ನು ಒಂದಿಷ್ಟು ಹೊತ್ತು ನಿಲ್ಲಿಸಿಯೇ ಅವನು ತಲೆ ಎತ್ತುತ್ತಿದ್ದುದು.

ಆ ಕೇಬಲ್ಲುಗಳನ್ನೆಲ್ಲ ಕಿತ್ತು ಮೀಟರುಗಳನ್ನು ನೆಟ್‌ವರ್ಕಿಗೆ ಸೇರಿಸಲು ಬಂದ ಇಂಜಿನಿಯರ್ ಅವನ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ. ಬೇರೆಯವರನ್ನು ಕಳಿಸುತ್ತೇವೆ ಅಂತ ಅವಳ ಕಂಪನಿಯವರು ಅಂದಿದ್ದರು. ಅವಳೇ ಹಟ ಹಿಡಿದು ಬಂದಳು.

ಹಟಕ್ಕೆ ಕಾರಣವಿತ್ತು. ಕಳೆದ ಸಲ ಅಕ್ಕನ ಮನೆಗೆ ಹೋದಾಗ ಅವಳ ಎಡಗಣ್ಣಿನ ಕೆಳಗೆ ನೀಲಿಗಟ್ಟಿತ್ತು. "ಬೀರು ಬಾಗಿಲು ತಗುಲ್ತು ಕಣೇ" ಅಂದಿದ್ದಳು. ಅದಕ್ಕೆ ಮುಂಚೆ ಮೆಟ್ಟಿಲು, ಇನ್ನೂ ಮುಂಚೆ ಬಚ್ಚಲು. ಆ ಮನೆಯ ವಸ್ತುಗಳೆಲ್ಲ ಅಕ್ಕನ ಮೇಲೆಯೇ ಯಾಕೆ ಹಗೆ ಸಾಧಿಸುತ್ತವೆ ಅನ್ನುವುದು ತಂಗಿಗೆ ಅರ್ಥವಾಗದ ವಿಷಯವೇನಲ್ಲ.

ಪ್ರತಿ ಮೀಟರಿನ ಪಕ್ಕ ಅಂಗೈಯಗಲದ ಕನ್ವರ್ಟರ್ ಡಬ್ಬಿ ಕೂರಿಸಿ, ಹಳೇ ಪ್ಲಗ್ಗನ್ನು ಅದಕ್ಕೆ ಚುಚ್ಚಿ, ಡಬ್ಬಿಗೆ ನೆಟ್‌ವರ್ಕಿನಲ್ಲಿ ಒಂದು ವಿಳಾಸ ಕೊಡಬೇಕು. ಮೀಟರು ಯಾವ ವೇಗದಲ್ಲಿ ಮಾತಾಡುತ್ತದೋ ಡಬ್ಬಿಯೂ ಅದೇ ವೇಗದಲ್ಲಿ ಕೇಳಿಸಿಕೊಳ್ಳಬೇಕು. ಬಾಯ್ಲರ್ ಮೀಟರಿನ ವೇಗ ಎಷ್ಟೆಂದು ಅವಳು ಭಾವನನ್ನು ಕೇಳಿದಳು. ಕಾಲು ಅಲ್ಲಾಡಿಸುತ್ತಾ ಅವನು ಒಂದು ಅಂಕಿ ಹೇಳಿದ. ಅವಳು ನಂಬಿಬಿಟ್ಟಳು.

ಮ್ಯಾನೇಜರ್ ನೋಡಲು ಬಂದಾಗ ಒತ್ತಡದ ಅಂಕಿ ಬರಬೇಕಾದ ಕಡೆ ಪರದೆ ತುಂಬ ಅಡ್ಡಾದಿಡ್ಡಿ ಚಿಹ್ನೆಗಳು ಸುರಿದವು.

"ಇದ್ಯಾವ ಭಾಷೆನಮ್ಮಾ?" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರ್, ಅಕ್ಕ ತಂಗಿ ಇಬ್ರೂ ಒಂದೇ ಅಚ್ಚು. ಅವಳು ಒಲೆ ಮೇಲೆ ಹಾಲಿಟ್ಟು ಮರೀತಾಳೆ, ಇವಳು ಬಾಯ್ಲರನ್ನೇ ಮರೀತಾಳೆ. ಅವಳಿಗಾದ್ರೆ ಬುದ್ಧಿ ಕಲಿಸೋಕೆ ನಾನಿದೀನಿ."

ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಅವಳ ಕಿವಿ ಕಾದವು. ಲ್ಯಾಪ್‌ಟಾಪ್ ಎಳೆದುಕೊಂಡು, ಭಾವ ಹೇಳಿದ ಅಂಕಿಯನ್ನು ಅಳಿಸಿ, ಒಂದಾದ ಮೇಲೊಂದು ವೇಗ ಹಾಕಿ ನೋಡುತ್ತಾ ಹೋದಳು. ಚಿಹ್ನೆಗಳೆಲ್ಲ ಫಕ್ಕನೆ ಅಂಕಿಗಳಾದವು. ನಗು ನಿಂತಿತು. ಅದೇ ಅಂಕಿಗಳು ಮ್ಯಾನೇಜರರ ಮೊಬೈಲಿನಲ್ಲೂ ಮೂಡಿದವು. ಅವರು ಮೊಬೈಲ್ ಹಿಡಿದೇ ಅಂಗಳದವರೆಗೆ ನಡೆದು ಹೋಗಿ ವಾಪಸ್ಸು ಬಂದರು.

"ಅಂದ್ರೆ ನಾನು ಎಲ್ಲಿದ್ರೂ ಕಾಣತ್ತೆ."

"ಕಾಣತ್ತೆ ಸರ್."

"ಹಾಗಾದ್ರೆ ಇಲ್ಲಿ ಒಬ್ರನ್ನ ಕೂರಿಸ್ಬೇಕಾ?"

ಹೊಸ ಏರ್ಪಾಡು ಪಳಗುವವರೆಗಾದರೂ ಒಬ್ಬ ಆಪರೇಟರ್ ಇರಲೇಬೇಕು ಅಂತ ಬೇರೆ ಕಡೆಯೆಲ್ಲ ಅವಳೇ ಹೇಳುತ್ತಿದ್ದಳು. ಈಗ ಭಾವನ ಕಡೆ ತಿರುಗಿದಳು. ಅವನ ಕಾಲು ಅಲ್ಲಾಡುವುದು ನಿಂತಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಅವನನ್ನು ಅವಳು ಒಂದು ಗಳಿಗೆ ಹಾಗೇ ಕಾಯಿಸಿದಳು. ಅದು ಅವಳಿಗೆ ಬಲು ರುಚಿಸಿತು.

"ಬೇಡ ಸರ್. ದಂಡ."

ಮ್ಯಾನೇಜರ್ ಹೋದ ಮೇಲೆ ಭಾವ ಅವಳ ಹಿಂದೆಯೇ ಅಂಗಳಕ್ಕೆ ಓಡಿ ಬಂದ. "ಈ ವಯಸ್ಸಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ? ನಿಮ್ಮಕ್ಕನ ಮುಖ ನೋಡಿಯಾದ್ರೂ..."

"ಅಕ್ಕನ ಮುಖ ನೋಡೇ ಹೇಳಿದ್ದು ಭಾವ."

ತಿಂಗಳು ಮುಗಿಯುವ ಮೊದಲೇ ಅವನನ್ನು ಮನೆಗೆ ಕಳಿಸಿದರು. ಕೋಣೆಗೆ ಬೀಗ ಬಿತ್ತು. ಕತ್ತರಿಸಿದ ಕೇಬಲ್ಲುಗಳನ್ನು ಗುಜರಿಯವನು ಹೊತ್ತುಕೊಂಡು ಹೋದ.

ಅವಳು ಅಕ್ಕನ ಮನೆಗೆ ಹೊರಟಾಗ ದಾರಿಯಲ್ಲಿ ದ್ರಾಕ್ಷಿ ಕೊಂಡಳು. ಅಕ್ಕ ಬಾಗಿಲನ್ನು ಮುಖ ಕಾಣುವಷ್ಟು ಮಾತ್ರ ತೆರೆದಳು. ಸಂದಿಯಲ್ಲಿ ಕಂಡಂತೆ, ಒಳಗೆ ನಡುಮನೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಭಾವ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಅಲ್ಲಿಂದ ಅಡುಗೆಮನೆಯೂ ಕಾಣುತ್ತದೆ, ಬಚ್ಚಲ ಬಾಗಿಲೂ ಕಾಣುತ್ತದೆ.

"ಯಾಕೆ ಬಂದೆ?" ಅಕ್ಕ ಪಿಸುಗುಟ್ಟಿದಳು. ಅವಳ ಕೆಳತುಟಿ ಒಡೆದಿತ್ತು.

"ಅಕ್ಕಾ, ನಿನಗೋಸ್ಕರ ಕಣೇ ನಾನು..."

"ನನ್ನನ್ನ ಕೇಳಿದ್ಯಾ?" ಅಕ್ಕ ಒಮ್ಮೆ ಹಿಂದೆ ತಿರುಗಿ ನೋಡಿ ದನಿ ಇನ್ನೂ ತಗ್ಗಿಸಿದಳು. "ಅವರು ಕೆಲಸಕ್ಕೆ ಹೋದಷ್ಟು ಹೊತ್ತು ಈ ಮನೆ ನಂದಾಗಿತ್ತು. ಪಕ್ಕದ ಮನೆಯವಳು ಬರ್ತಿದ್ಳು, ರೇಡಿಯೊ ಹಾಕ್ಕೊಂಡು ಬಟ್ಟೆ ಹೊಲೀತಿದ್ವಿ, ನಗ್ತಿದ್ವಿ. ಅಷ್ಟೇ ಇದ್ದಿದ್ದು ನಂಗೆ. ಈಗ ನಲ್ಲಿ ತಿರುಗಿಸಿದ್ರೂ ಯಾಕೆ ಅಂತ ಹೇಳ್ಬೇಕು."

"ನನ್ನ ಜೊತೆ ಬಂದ್ಬಿಡು. ಈಗಲೇ."

"ಬಂದ್ರೆ ಅಲ್ಲಿಗೂ ಬರ್ತಾರೆ. ಬೇರೇನು ಕೆಲಸ ಉಳಿಸಿದೀಯ ಅವರಿಗೆ?"

ಒಳಗಿಂದ ಕುರ್ಚಿ ಕಿರ್ರೆಂದಿತು. "ಯಾರೇ ಅದು?"

"ಯಾರೋ ಮನೆ ತಪ್ಪಿ ಬಂದಿದಾರೆ ರೀ" ಅಂದಳು ಅಕ್ಕ, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು. ಬಾಗಿಲು ಹಾಕಿಕೊಂಡಿತು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ತಂಗಿ ದ್ರಾಕ್ಷಿಯ ಪೊಟ್ಟಣವನ್ನು ಹೊಸಿಲ ಬಳಿ ಇಟ್ಟು ಮೆಟ್ಟಿಲಿಳಿದಳು. ಅರ್ಧ ಇಳಿದ ಮೇಲೆ, ಇದನ್ನು ಯಾರು ತಂದರು ಅಂತ ಅವನು ಕೇಳುತ್ತಾನಲ್ಲ ಅನ್ನಿಸಿತು. ಮತ್ತೆ ಹತ್ತಿ ಬಂದು, ಸದ್ದಾಗದಂತೆ ಬಗ್ಗಿ ಪೊಟ್ಟಣ ಎತ್ತಿಕೊಂಡು ಹೋದಳು.