ಕ್ರಷರ್ ಕಾರ್ಮಿಕ, ಒಂಬತ್ತು ವರ್ಷ

“ಈ ಬೋಳಿಮಗ ಯಾವೂರವನು ಅಂತ್ಲೂ ನಂಗೊತ್ತಿಲ್ಲ ಸಾರ್. ಬೀಡಿ ಸೇದಿ ಸೇದಿ ಎದೆ ಹಾಳ್ಮಾಡ್ಕಂಡು ನನ್ ಮ್ಯಾಲೆ ಗೂಬೆ ಕೂರ್ಸಕ್ ಬಂದವ್ನೆ.”

ಕಾರ್ಮಿಕ ಕಚೇರಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡೇ ಹೇಳಿದ ಕ್ರಷರ್ ಮಾಲೀಕ ರೇಣುಕಪ್ರಸಾದ್. ಪರಿಹಾರ ಕೇಳಿ ಬಂದು ಗೋಡೆಗೊರಗಿ ನಿಂತಿದ್ದ ಚಿಕ್ಕನರಸಯ್ಯ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ದೊಡ್ಡೇರಿ ಆಚೆಯ ಅವನ ಕಲ್ಲು ಕ್ರಷರಿನಲ್ಲಿ ಹನ್ನೊಂದು ವರ್ಷ ಕಲ್ಲುಪುಡಿ ಕುಡಿದವನು. ಈಗ ನಾಲ್ಕು ಹೆಜ್ಜೆ ನಡೆದರೆ ಎದೆ ಸಿಳ್ಳೆ ಹೊಡೆಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ಅವನ ಹೆಸರೇ ಇರಲಿಲ್ಲ.

“ಕೆಲ್ಸ ಮಾಡಿದ್ದಕ್ಕೆ ಏನಪ್ಪಾ ದಾಖಲೆ?” ಎಂದರು ಅಧಿಕಾರಿ ಶಂಕರಲಿಂಗಪ್ಪ.

“ಐತೆ ಸೋಮಿ,” ಎಂದು ಫೋನ್ ತೆಗೆದ. ಆರೋಗ್ಯ ದಾಖಲೆಯ ಆ್ಯಪ್ ನೋಡುವುದನ್ನು ಸರ್ಕಾರಿ ಆಸ್ಪತ್ರೆಯ ನರ್ಸ್ ನಾಹಿದಾ ಹೇಳಿಕೊಟ್ಟಿದ್ದಳು. ಎರಡು ವರ್ಷದ ಹಿಂದೆ ಲೈಸೆನ್ಸ್ ನವೀಕರಣಕ್ಕೆಂದು ರೇಣುಕಪ್ರಸಾದನೇ ಕೆಲಸಗಾರರಿಗೆ ತಪಾಸಣೆ ಮಾಡಿಸಿದ್ದ. ಅವನ ಡಾಕ್ಟರ್ ಎದೆ ಮುಟ್ಟಿಯೂ ನೋಡದೆ, ಒಟಿಪಿ ಕೇಳಿ, ಏನೋ ಬರೆದುಕೊಂಡು ಹೋಗಿದ್ದ. ಅದು ಆ್ಯಪಿನಲ್ಲಿ ಹಾಗೇ ಕೂತಿತ್ತು.

ರೇಣುಕಪ್ರಸಾದ್ ಚಂಗನೆ ಎದ್ದು ಫೋನ್ ಕಿತ್ತು ನೆಲಕ್ಕಪ್ಪಳಿಸಿದ. ಬೂಟುಗಾಲಲ್ಲಿ ತುಳಿದ. “ತೋರ್ಸಲೇ ಈಗ, ನಿನ್ನಮ್ಮನ್...”

“ರೀ, ರೀ!” ಎಂದ ಅಧಿಕಾರಿ ಕುರ್ಚಿ ಬಿಟ್ಟೇಳಲಿಲ್ಲ.

ಚಿಕ್ಕನರಸಯ್ಯನಿಗೆ ನಗು ಬಂತು. ನಗು ಕೆಮ್ಮಾಯಿತು. ಜೊತೆಗೆ ಬಂದಿದ್ದ ಹೆಂಡತಿ ಹನುಮಕ್ಕ ಕುಕ್ಕರಗಾಲಲ್ಲಿ ಕೂತು, ಬಳೆಯ ಪಿನ್ನು ತೆಗೆದು, ನುಜ್ಜಾದ ಫೋನಿನಿಂದ ಸಿಮ್ ಮೀಟಿ ತನ್ನ ಫೋನಿಗೆ ಹಾಕಿದಳು. ಅದರಲ್ಲೂ ಅದೇ ಆ್ಯಪ್ ಇತ್ತು.

“ಇದ್ನೂ ಒಡ್ದಾಕು. ದಾಖ್ಲೆ ಫೋನ್ನಾಗಿಲ್ಲ ಕಣ್ಲಾ,” ಎಂದ ಚಿಕ್ಕನರಸಯ್ಯ. ‘ಬುದ್ದಿ’ ಅನ್ನದೆ ಅವನೊಡನೆ ಮಾತಾಡಿದ್ದು ಇದೇ ಮೊದಲು. ಬಾಯಿಗೆ ಬೆಲ್ಲ ಬಿದ್ದಂತಾಯಿತು.

ಒಟಿಪಿ ಬಂತು. ಶಂಕರಲಿಂಗಪ್ಪ ಗಂಟಲು ಸರಿಮಾಡಿಕೊಂಡು ಓದಿದರು: “ಕ್ರಷರ್ ಕಾರ್ಮಿಕ, ಒಂಬತ್ತು ವರ್ಷ. ಶ್ವಾಸಕೋಶ ಆರೋಗ್ಯವಾಗಿದೆ. ಧೂಮಪಾನ ಇಲ್ಲ.” ಕೆಳಗೆ ಕ್ರಷರಿನ ಹೆಸರು, ಮಾಲೀಕನ ಡಾಕ್ಟರದೇ ಸಹಿ. ಅದರ ಕೆಳಗೆ ಈ ವರ್ಷದ ಸರ್ಕಾರಿ ಎಕ್ಸ್‌ರೇ ವರದಿ: ಎರಡೂ ಶ್ವಾಸಕೋಶದಲ್ಲಿ ಕಲ್ಲುಧೂಳಿನ ಕಾಯಿಲೆ.

ರೇಣುಕಪ್ರಸಾದ್ ಬಾಗಿಲಿಗೆ ನಡೆದ. ಚಿಕ್ಕನರಸಯ್ಯ ಅಡ್ಡ ಬಂದು, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತ.

“ನಿನ್ ಕ್ರಷರ್ನೋರು ಇನ್ನಾ ಹದಿನಾಲ್ಕು ಜನ ಮೆಟ್ಲು ಹತ್ಕಂಡ್ ಬತ್ತಾವ್ರೆ. ಉಸ್ರು ಸಾಲಲ್ಲ, ವಸಿ ತಡ ಆಯ್ತದೆ. ಎಲ್ರ ಫೋನೂ ನೋಡ್ಕಂಡೇ ಹೋಗೀಯಂತೆ, ಇರು.”

ಕೆಳಗಿನಿಂದ ಒಬ್ಬರ ಹಿಂದೆ ಒಬ್ಬರ ಕೆಮ್ಮು ಮೇಲೇರುತ್ತಿತ್ತು.