ರಾಯ್ಸ್ ಜಗಳ ಬಿಟ್ಟದ್ದು

ಶನಿವಾರ ಬೆಳಿಗ್ಗೆ ರಾಯ್ಸ್ ಟ್ಯಾಕೆಟ್‌ನ ಕ್ಷೌರದಂಗಡಿಯಲ್ಲಿ ಮೊದಲ ಸರದಿ ಡೆಲ್ಮರ್ ಪ್ರೂಯಿಟ್‌ನದು. ವಾರವಾರವೂ ಕತ್ತರಿಸುವಷ್ಟು ಕೂದಲು ಅವನ ತಲೆಯಲ್ಲಿ ಇರುತ್ತಿರಲಿಲ್ಲ. ಅವನು ಬರುತ್ತಿದ್ದದ್ದು ಜಗಳಕ್ಕೆ. ಟಾಲ್ಬರ್ಟ್ ಊರಿನವರಿಗೆ ಇದು ಗೊತ್ತಿತ್ತು. ಕೂದಲು ಬೆಳೆಯದಿದ್ದರೂ ಒಂದಿಬ್ಬರು ಗೋಡೆಬದಿಯ ಬೆಂಚಿನಲ್ಲಿ ಕಾಫಿ ಹಿಡಿದು ಕೂತಿರುತ್ತಿದ್ದರು.

“ಕ್ಯಾಟ್‌ಫಿಶ್ ಹಿಡಿಯೋಕೆ ಗಾಳಕ್ಕೆ ಸೋಪು ಸಿಕ್ಕಿಸಬೇಕು ಕಣೋ. ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ,” ಎನ್ನುವನು ಡೆಲ್ಮರ್.

“ಸೋಪು ಸ್ನಾನ ಮಾಡೋರಿಗೆ. ನಿಂಗೆ ಹೇಗೆ ಗೊತ್ತಿರುತ್ತೆ ಬಿಡು. ಕೋಳಿ ಲಿವರ್ ಹಾಕಿ ನೋಡು, ಮೀನು ತಾನಾಗೇ ದೋಣಿಗೆ ಹಾರುತ್ತೆ.”

“ಜೀವಮಾನ ಎಲ್ಲ ನದಿ ಮೇಲೆ ಕಳೆದೋನು ನಾನೋ ನೀನೋ?”

“ನೀನು ಇದ್ದಿದ್ದು ನೀರಿನ ಮೇಲೆ. ಮೀನಿರೋದು ನೀರಿನ ಒಳಗೆ.”

ಡೆಲ್ಮರ್ ಒಹಾಯೊ ನದಿಯಲ್ಲಿ ಕಲ್ಲಿದ್ದಲಿನ ದೋಣಿಗಳನ್ನು ನಡೆಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ರಾಯ್ಸ್ ಮತ್ತು ಅವನು ಶಾಲೆಯ ದಿನಗಳಿಂದ ಜಗಳವಾಡುತ್ತಲೇ ಬಂದವರು. ಅವರು ಹುಡುಗರಾಗಿದ್ದಾಗ ಬಂದ ನೆರೆ ಬ್ಯಾಂಕಿನ ಎಷ್ಟನೆಯ ಮೆಟ್ಟಿಲು ಮುಟ್ಟಿತ್ತು, ಕೊನೆಯ ವರ್ಷದ ಫುಟ್‌ಬಾಲ್ ಪಂದ್ಯದಲ್ಲಿ ತಪ್ಪು ರಾಯ್ಸ್‌ನದೋ ರೆಫರಿಯದೋ, ಎಲ್ಲವೂ ಹೊಸದಾಗಿ ಶುರುವಾಗಬೇಕು. ಮಾತು ಏರಿದಾಗ ಡೆಲ್ಮರ್ ಕುರ್ಚಿಯಿಂದ ಎದ್ದು ರಾಯ್ಸ್‌ನ ಕಾಲರ್ ಹಿಡಿಯುವುದೂ, ರಾಯ್ಸ್ ಬಾಚಣಿಗೆಯಿಂದ ಅವನ ತಲೆಗೊಂದು ಬಿಟ್ಟು ಮತ್ತೆ ಕೂರಿಸುವುದೂ ಇತ್ತು. ಒಬ್ಬರ ಬಗ್ಗೆ ಒಬ್ಬರು ಒಳ್ಳೆಯ ಮಾತಾಡಿದ್ದನ್ನು ಕೇಳಿದವರಿಲ್ಲ. ಅದರ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಒಂದು ಚಳಿಗಾಲದಲ್ಲಿ ಪಕ್ಕದ ಔಷಧಿ ಅಂಗಡಿಗೆ ಒಬ್ಬ ನುಗ್ಗಿದ. ಮಾತ್ರೆಗಳ ಚಟಕ್ಕೆ ಬಿದ್ದವನು. ಅಂಗಡಿಯ ಜೋನೆಲ್‌ಳ ಮುಖಕ್ಕೆ ಬಂದೂಕು ಹಿಡಿದು, ಬೇಕಾದ್ದನ್ನು ಬಾಚಿಕೊಂಡು ಹೋದ. ಯಾರಿಗೂ ಗಾಯವಾಗಲಿಲ್ಲ. ಆದರೆ ಜೋನೆಲ್ ಆಮೇಲೆ ಕೆಲಸಕ್ಕೆ ಬರಲಿಲ್ಲ. ಬಾಗಿಲು ತೆರೆದ ಸದ್ದಾದರೆ ಅವಳಿಗೆ ಉಸಿರು ಕಟ್ಟುತ್ತಿತ್ತಂತೆ.

“ಮಾವ, ಆ ಅಂಗಡಿಗೂ ನಿಮ್ಮ ಅಂಗಡಿಗೂ ಮಧ್ಯ ಇರೋದು ಒಂದು ಗೋಡೆ ಅಷ್ಟೆ,” ಎಂದ ಅಳಿಯ ಡಸ್ಟಿನ್. ವಿದ್ಯುತ್ ತಂತಿಗಳ ಕೆಲಸದವನು, ಒಳ್ಳೆಯ ಹುಡುಗ. ಅವನೇ ಒಂದು ಸಣ್ಣ ಪಿಸ್ತೂಲು ಆರಿಸಿಕೊಟ್ಟು, ಅದನ್ನು ಸೊಂಟದಲ್ಲಿಟ್ಟು ತಿರುಗುವವರಿಗೆ ನಡೆಯುವ ತರಗತಿಗೆ ಮಾವನನ್ನು ಕರೆದೊಯ್ದ.

ತರಗತಿ ನಡೆಸುತ್ತಿದ್ದವನು ಹಳೆಯ ಸೈನಿಕ. ಗುರಿ ಹಿಡಿಯುವುದನ್ನು ಕಲಿಸುವ ಮೊದಲು ಅವನು ಹೇಳಿದ್ದು ಬೇರೆಯೇ: “ಇವತ್ತಿಂದ ನೀವು ಎಲ್ಲಾ ವಾದದಲ್ಲೂ ಸೋತಹಾಗೆ. ರಸ್ತೇಲಿ ಒಬ್ಬ ಅಡ್ಡ ಬಂದ, ಬಿಟ್ಟುಬಿಡಿ. ಒಬ್ಬ ನಿಮ್ಮ ತಾಯಿನ ಬೈದ, ಕ್ಷಮಿಸಿ ಅಂತ ಹೇಳಿ ಹೋಗಿ. ಸೊಂಟದಲ್ಲಿ ಪಿಸ್ತೂಲು ಇರೋನಿಗೆ ಜಗಳ ಆಡೋ ಹಕ್ಕಿಲ್ಲ. ಇನ್ನೊಂದು, ಮನುಷ್ಯರ ಮುಖ ನೋಡಬೇಡಿ. ಕೈ ನೋಡಿ. ಮುಖ ಯಾರನ್ನೂ ಕೊಲ್ಲಲ್ಲ.”

ಹೇಳಿಕೊಟ್ಟದ್ದನ್ನು ಪಾಲಿಸುವ ಮನುಷ್ಯ ರಾಯ್ಸ್. ಎರಡು ಮಾತನ್ನೂ ಮನಸ್ಸಿಗೆ ಹಾಕಿಕೊಂಡ.

ಮೊದಲ ತಿಂಗಳುಗಳಲ್ಲಿ ಪಿಸ್ತೂಲು ಭಾರವಾಗಿತ್ತು. ಬಗ್ಗಿದಾಗಲೆಲ್ಲ ಬಲಸೊಂಟವನ್ನು ಒತ್ತುತ್ತಿತ್ತು. ಆ ಒತ್ತಡ ಅವನನ್ನು ಎಚ್ಚರದಲ್ಲಿಟ್ಟಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ಎದುರಿನ ಕಾರಿಗೆ ಕೈಬೀಸಿ ಮೊದಲು ಬಿಟ್ಟ. ಪಕ್ಕದ ಮನೆಯ ನಾಯಿ ತನ್ನ ಅಂಗಳ ಹೊಲಸು ಮಾಡಿದಾಗ ತಾನೇ ಸಲಿಕೆ ತಂದು ತೆಗೆದ. ಹೆಂಡತಿ ನೋರಿನ್‌ಗೆ ಆಶ್ಚರ್ಯವಾಯಿತು.

“ನಿನ್ನ ಬಾಯಲ್ಲಿ ಒಂದು ಬೈಗುಳ ಕೇಳದೆ ಎಷ್ಟು ದಿನ ಆಯ್ತು! ಪಾದ್ರಿ ಕೈಲಿ ಆಗದ್ದು ಆ ಕಬ್ಬಿಣದ ತುಂಡಿನ ಕೈಲಾಯ್ತಲ್ಲ.”

ಅವಳು ಹೇಳಿದ್ದು ಸುಳ್ಳಲ್ಲ. ಊರಿನಲ್ಲೂ ರಾಯ್ಸ್ ಮಾಗಿದ್ದಾನೆ ಎಂದು ಮಾತಾಯಿತು.

ಆಮೇಲೆ ಭಾರ ಕಡಿಮೆಯಾಗುತ್ತ ಬಂತು. ಕನ್ನಡಕ ಹಾಕಿಕೊಂಡವನು ಕನ್ನಡಕವನ್ನು ಮರೆಯುವಂತೆ ಅವನು ಪಿಸ್ತೂಲನ್ನು ಮರೆತ. ಮರೆತ ಮೇಲೆ, ಕನ್ನಡಕದಂತೆಯೇ, ಎಲ್ಲವೂ ಅದರ ಮೂಲಕ ಕಾಣತೊಡಗಿತು. ಒಂದು ಭಾನುವಾರ ಅಂಗಡಿಯ ಕುರ್ಚಿಯನ್ನು ಬಿಚ್ಚಿ ತಿರುಗಿಸಿ ಕೂರಿಸಿದ. ಈಗ ಕತ್ತರಿ ಆಡಿಸುವಾಗ ಅವನ ಕಣ್ಣು ಬಾಗಿಲ ಮೇಲಿರುತ್ತಿತ್ತು. ಕೂತವನಿಗೆ ಕನ್ನಡಿ ಬೆನ್ನ ಹಿಂದೆ ಹೋಯಿತು. ಹೊದಿಸಿದ ಬಿಳಿ ಬಟ್ಟೆಯೊಳಗೆ ಗಿರಾಕಿಯ ಕೈಗಳು ಕಾಣದಿರುವುದು ಅವನಿಗೆ ಕಸಿವಿಸಿಯಾಗತೊಡಗಿತು. “ಕೈ ಹೊರಗೆ ಇಟ್ಕೊಳ್ಳಿ, ಸೆಕೆ ಆಗುತ್ತೆ,” ಎನ್ನುತ್ತಿದ್ದ, ಹೊರಗೆ ಹಿಮ ಬೀಳುತ್ತಿದ್ದರೂ. ಚರ್ಚಿನ ಮೆಟ್ಟಿಲಲ್ಲಿ ಯಾರಾದರೂ ತಬ್ಬಿಕೊಳ್ಳಲು ಬಂದರೆ ಎಡಹೆಗಲು ಕೊಟ್ಟು ಜಾರಿಕೊಳ್ಳುತ್ತಿದ್ದ. ಹೋಟೆಲಿನಲ್ಲಿ ಅವನ ಜಾಗ ಗೋಡೆಗೆ ಬೆನ್ನು ಹಚ್ಚಿದ ಕುರ್ಚಿ.

“ಅಂದ್ರೆ ಬಾಗಿಲಿಗೆ ಬೆನ್ನು ಹಾಕಿ ಕೂರೋಳು ನಾನು,” ಎಂದಳು ನೋರಿನ್ ಒಮ್ಮೆ, ಆಲೂಗಡ್ಡೆಗೆ ಉಪ್ಪು ಉದುರಿಸುತ್ತ. “ಯಾವನಾದ್ರೂ ನುಗ್ಗಿದ್ರೆ ಮೊದಲನೇ ಗುಂಡು ನಂಗೇ ಇರ್ಲಿ ಅಂತಾನಾ?”

ಅವಳು ನಕ್ಕಳು. ಅವನು ನಗಲು ಸ್ವಲ್ಪ ತಡವಾಯಿತು. ಬಾಗಿಲಿನಿಂದ ಆಗತಾನೇ ಯಾರೋ ಒಳಬಂದಿದ್ದರು.

ಶನಿವಾರಗಳೂ ಬದಲಾದವು.

“ಸೋಪಿನ ಮುಂದೆ ಲಿವರ್ ಯಾವ ಲೆಕ್ಕ?” ಎಂದ ಡೆಲ್ಮರ್.

“ಇರಬಹುದು,” ಎಂದ ರಾಯ್ಸ್.

ಡೆಲ್ಮರ್ ಕಾದ. ಮುಂದೆ ಏನೂ ಬರಲಿಲ್ಲ. “ನೆರೆ ನೀರು ಬ್ಯಾಂಕಿನ ಮೂರನೇ ಮೆಟ್ಟಿಲಿಗೆ ಬಂದಿತ್ತು.”

“ಬಂದಿರಬಹುದು.”

“ರೆಫರಿ ಸರಿಯಾಗೇ ಹೇಳಿದ. ತಪ್ಪು ನಿಂದೇ.”

“ಇರಬಹುದು ಬಿಡು.”

“ನಿಂಗೆ ಹುಷಾರಿಲ್ವೇನೋ?”

ಬೆಂಚಿನವರು ಮೊದಮೊದಲು ನಕ್ಕರು. ಆಮೇಲೆ ಬರುವುದನ್ನೇ ಬಿಟ್ಟರು. ಅಂಗಡಿಯಲ್ಲಿ ಕತ್ತರಿಯ ಸದ್ದು ಮಾತ್ರ ಕೇಳಿಸುವ ಶನಿವಾರಗಳು ಬಂದವು. ಡೆಲ್ಮರ್ ಬರುವುದನ್ನು ಬಿಡಲಿಲ್ಲ. ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟುವವನಂತೆ ಒಂದರ ಮೇಲೊಂದು ಮಾತು ಎಸೆಯುತ್ತಿದ್ದ.

“ನನ್ನ ಮನೇಲೂ ಬಂದೂಕಿವೆ, ರಾಯ್ಸ್,” ಎಂದ ಒಂದು ದಿನ. “ನವೆಂಬರಲ್ಲಿ ಜಿಂಕೆ ಬೇಟೆಗೆ ತೆಗೀತೀನಿ, ಒರೆಸಿ ಇಡ್ತೀನಿ. ಉಟ್ಕೊಂಡು ತಿರುಗಲ್ಲ.”

“ನೀನು ಹೋಗಿ ಜೋನೆಲ್‌ನ ಕೇಳು,” ಎಂದ ರಾಯ್ಸ್. “ಅವಳ ಮುಂದೆ ನಿಂತು ಈ ಮಾತು ಹೇಳು.”

ಡೆಲ್ಮರ್ ಔಷಧಿ ಅಂಗಡಿಯ ಕಡೆಯ ಗೋಡೆ ನೋಡಿದ. ಅವಳ ಹೆಸರು ಬಂದಮೇಲೆ ವಾದಿಸುವುದು ಸುಲಭವಿರಲಿಲ್ಲ.

ಆ ವರ್ಷದ ಬೇಟೆಯ ಕಾಲಕ್ಕೆ ಮುಂಚಿನ ಒಂದು ಶನಿವಾರ. ಡೆಲ್ಮರ್‌ನ ತಲೆಯ ಎಡಭಾಗ ಮುಗಿದಿತ್ತು. ಗಾಳಿ ಹೊರಗೆ ಎಲೆಗಳನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.

“ನಿಮ್ಮಪ್ಪನೂ ಸೋಪೇ ಹಾಕ್ತಿದ್ದ,” ಎಂದ ಡೆಲ್ಮರ್. “ನಿಂಗೆ ಹೇಳೋಕೆ ನಾಚಿಕೆ ಅವನಿಗೆ. ಕದ್ದು ಹಾಕ್ತಿದ್ದ.”

“ಇರಬಹುದು.”

“ಇರಬಹುದಾ?” ಡೆಲ್ಮರ್ ಎದ್ದುನಿಂತ. “ನಿಮ್ಮಪ್ಪನ ಸುದ್ದಿಗೆ ಬಂದ್ರೂ ಇರಬಹುದಾ? ಏನೋ ಆಗಿದೆ ನಿಂಗೆ, ಮನುಷ್ಯನಾ ಮರದ ಬೊಂಬೆನಾ?” ಎನ್ನುತ್ತ, ಹಿಂದೆ ಎಷ್ಟೋ ಸಲ ಮಾಡಿದ್ದಂತೆ, ಕಾಲರ್ ಹಿಡಿಯಲು ಕೈ ಚಾಚಿದ. ಬಿಳಿ ಬಟ್ಟೆಯೊಳಗಿನಿಂದ ಆ ಕೈ ಥಟ್ಟನೆ ಹೊರಬಂತು.

ಕತ್ತರಿ ನೆಲಕ್ಕೆ ಬಿತ್ತು. ರಾಯ್ಸ್ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಅವನ ಬಲಮೊಣಕೈ ಏಪ್ರನ್ನನ್ನು ಹಿಂದಕ್ಕೆ ಸರಿಸಿತ್ತು, ಅಂಗೈ ಸೊಂಟದ ಮೇಲಿತ್ತು.

ಡೆಲ್ಮರ್‌ನ ಕೈ ಗಾಳಿಯಲ್ಲೇ ನಿಂತಿತು. ಅದರಲ್ಲಿ ಏನೂ ಇರಲಿಲ್ಲ.

“ಕೈ ಎಲ್ಲಿಟ್ಟಿದೀಯ, ರಾಯ್ಸ್?” ಎಂದು ಕೇಳಿದ. ದನಿಯಲ್ಲಿ ಕೋಪವಿರಲಿಲ್ಲ.

ರಾಯ್ಸ್ ತಲೆ ತಗ್ಗಿಸಿ ತನ್ನ ಕೈ ನೋಡಿದ. ಅದು ಯಾವಾಗ ಅಲ್ಲಿಗೆ ಹೋಯಿತೆಂದು ಅವನಿಗೂ ತಿಳಿದಿರಲಿಲ್ಲ. “ಸುಮ್ನೆ...” ಎಂದ.

ಡೆಲ್ಮರ್ ಕತ್ತಿನಿಂದ ಬಟ್ಟೆ ಬಿಚ್ಚಿದ. ಅದನ್ನು ಎಂದೂ ಮಡಿಸದವನು ಮೆಲ್ಲಗೆ ಮಡಿಸಿ ಕುರ್ಚಿಯ ಮೇಲಿಟ್ಟ. ಬಾಗಿಲವರೆಗೆ ಬೆನ್ನು ತೋರಿಸದೆ ಹೋದ.

ಅರ್ಧ ಕ್ಷೌರದ ಡೆಲ್ಮರ್ ಟಾಲ್ಬರ್ಟಿಗೆ ಒಂದು ವಾರದ ನಗೆಯಾದ. ಟೊಪ್ಪಿ ಹಾಕಿಕೊಂಡು ತಿರುಗುತ್ತಿದ್ದ. ಚರ್ಚಿನಲ್ಲಿ ಟೊಪ್ಪಿ ತೆಗೆಯಲೇಬೇಕಲ್ಲ, ಹಿಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಏನಾಯಿತೆಂದು ಕೇಳಿದವರಿಗೆ, “ಅವನಿಗೆ ಸುಸ್ತಾಯ್ತು, ಎದ್ದು ಬಂದೆ,” ಎಂದನಂತೆ. ನದಿಯಾಚೆಯ ಊರಿನಲ್ಲಿ ಬೇರೆ ಕ್ಷೌರದಂಗಡಿಯಿತ್ತು. ಅಲ್ಲಿಗೆ ಅವನು ಹೋಗಲಿಲ್ಲ.

ನಡೆದದ್ದನ್ನು ರಾಯ್ಸ್ ಹೇಳಿದ್ದು ಅಳಿಯನಿಗೆ ಮಾತ್ರ.

“ನೀವು ಹೊರಗೆ ತೆಗೀಲಿಲ್ಲ ತಾನೆ, ಮಾವ? ಮತ್ತೇನು ತಪ್ಪು? ಕಲಿತದ್ದು ಕೆಲಸ ಮಾಡ್ತು ಅಷ್ಟೆ. ಅವನು ಡೆಲ್ಮರ್ ಅಲ್ಲದೆ ಬೇರೆ ಯಾರಾದ್ರೂ ಆಗಿದ್ರೆ?”

“ಅವನು ಡೆಲ್ಮರೇ ಆಗಿದ್ದ.”

“ಸರಿ. ನಾಳೆ ಬಿಚ್ಚಿಡ್ತೀರಿ. ನಾಡಿದ್ದು ನಿಜವಾಗ್ಲೂ ಒಬ್ಬ ಬಂದ. ಆಗ?”

ಆ ಪ್ರಶ್ನೆ ರಾಯ್ಸ್‌ನ ಬಳಿ ಮುಂದೆಯೂ ಹಾಗೇ ಉಳಿಯಿತು. ಅವನಿಗೆ ಗೊತ್ತಾದದ್ದು ಇಷ್ಟೇ: ತಾನು ಜಗಳ ಬಿಟ್ಟದ್ದು ಸಾಧುವಾಗಿ ಅಲ್ಲ. ಜಗಳ ಮುಂದೆ ಹೋದರೆ ತನ್ನ ಕೈ ಎಲ್ಲಿಗೆ ಹೋದೀತೆಂದು ಒಳಗೆಲ್ಲೋ ತಿಳಿದಿತ್ತು.

ಮರುವಾರದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ತೆಗೆದುಕೊಂಡು ಡೆಲ್ಮರ್‌ನ ಮನೆಗೆ ನಡೆದ. ಮೈ ಒಂದು ಬದಿಗೆ ವಾಲಿದಂತೆ ಅನ್ನಿಸುತ್ತಿತ್ತು. ಹಿಂದೆ ಒಂದು ಲಾರಿ ನಿಂತ ಸದ್ದಿಗೆ ಬೆವರಿದ.

ಬಾಗಿಲು ತೆರೆದ ಡೆಲ್ಮರ್ ಮೊದಲು ನೋಡಿದ್ದು ಅವನ ಸೊಂಟವನ್ನು. ರಾಯ್ಸ್ ಜಾಕೆಟ್ ಎತ್ತಿ ಸುತ್ತ ತಿರುಗಿ ತೋರಿಸಿದ.

“ನಾನೇನೂ ಕೇಳ್ಲಿಲ್ವಲ್ಲ,” ಎಂದ ಡೆಲ್ಮರ್.

“ಇನ್ನರ್ಧ ಬಾಕಿ ಇದೆ.”

ಹಿಂಬದಿಯ ಜಗಲಿಗೆ ಅಡುಗೆಮನೆಯ ಕುರ್ಚಿ ಬಂತು. ಅಲ್ಲಿಂದ ಬೋಳು ಮರಗಳ ನಡುವೆ ನದಿ ಕಾಣುತ್ತಿತ್ತು. ರಾಯ್ಸ್ ಬಟ್ಟೆ ಹೊದಿಸಿ ಕೆಲಸ ಶುರುಮಾಡಿದ. ಸ್ವಲ್ಪ ಹೊತ್ತಾದ ಮೇಲೆ, “ಗಾಳಕ್ಕೆ ಸೋಪು ಹಾಕೋನು ಶುದ್ಧ ಪೆದ್ದ,” ಎಂದ.

ಡೆಲ್ಮರ್ ನದಿ ನೋಡುತ್ತಿದ್ದ. “ಇರಬಹುದು,” ಎಂದ.

ರಾಯ್ಸ್‌ನ ಕತ್ತರಿ ನಿಂತಿತು. ಇಷ್ಟು ಕಾಲ ತಾನೇ ಹೇಳುತ್ತ ಬಂದಿದ್ದ ಮಾತು. ಕೇಳುವವನ ಕಡೆಯಿಂದ ಅದು ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ನೆರೆ ನೀರು ಎರಡನೇ ಮೆಟ್ಟಿಲಿಗೆ ನಿಂತಿತ್ತು. ಮೂರಂತೆ ಮೂರು!”

“ಎರಡೇ ಇರಬೇಕು, ರಾಯ್ಸ್.”

ಆಗ ಅವನು ನೋಡಿದ. ಡೆಲ್ಮರ್ ಎರಡೂ ಕೈಗಳನ್ನು ಬಟ್ಟೆಯಿಂದ ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡಿದ್ದ. ಯಾರೂ ಹೇಳಿರಲಿಲ್ಲ.

ಬಲಭಾಗವನ್ನು ರಾಯ್ಸ್ ಮುಗಿಸಿದ. ಬಟ್ಟೆ ಬಿಚ್ಚಿ ಕೊಡವಿದ. ಆಮೇಲೆ ಕತ್ತರಿಯನ್ನು ಹಿಡಿಯ ಕಡೆಯಿಂದ ಡೆಲ್ಮರ್‌ನತ್ತ ಚಾಚಿದ.

“ಏಳು. ಈಗ ನಾನು ಕೂರ್ತೀನಿ.”

“ಕೂತು?”

“ನಂಗೆ ಕಟಿಂಗ್ ಮಾಡು.”

“ತಲೆ ಕೆಟ್ಟಿದೆಯೇನೋ ನಿಂಗೆ? ನಾನು ಜನ್ಮದಲ್ಲಿ ನಾಯಿಗೂ ಕಟಿಂಗ್ ಮಾಡಿಲ್ಲ.”

“ಮಾಡು ಅಂದೆ.”

ರಾಯ್ಸ್ ಕೂತ. ಬಟ್ಟೆಯನ್ನು ತಾನೇ ಕತ್ತಿಗೆ ಸುತ್ತಿಕೊಂಡು ಕೈಗಳನ್ನು ಒಳಗೆಳೆದುಕೊಂಡ. ಬೆನ್ನಿಗೆ ಡೆಲ್ಮರ್ ನಿಂತಿದ್ದ, ಅವನ ಬೆನ್ನಿಗೆ ಮನೆಯ ತೆರೆದ ಬಾಗಿಲು, ಮನೆಯಾಚೆ ರಸ್ತೆ. ಹಿಂದೆ ಏನೂ ಸದ್ದಿಲ್ಲ. ಕತ್ತರಿಯ ತಣ್ಣನೆಯ ಅಲಗು ಕಿವಿಯ ಹಿಂದೆ ತಾಗಿದಾಗ ಅವನ ಬಲಮೊಣಕೈ ಪಕ್ಕೆಗೆ ಒತ್ತಿಕೊಂಡಿತು. ಅಲ್ಲಿ ಅಂಗಿ ಬಿಟ್ಟರೆ ಬೇರೇನೂ ಇರಲಿಲ್ಲ. ಬಟ್ಟೆ ಕದಲಿದ್ದು ಡೆಲ್ಮರ್‌ಗೂ ಕಂಡಿರಬೇಕು. ಕತ್ತರಿ ಒಂದು ಕ್ಷಣ ನಿಂತಿತು. ರಾಯ್ಸ್ ಕಣ್ಣು ಮುಚ್ಚಿದ.

ಕಚ್ ಎಂದಿತು. ಬೊಗಸೆಯಷ್ಟು ನರೆಗೂದಲು ಮಡಿಲಿಗೆ ಬಿತ್ತು.

“ಎಷ್ಟು ತೆಗೆದೆಯೋ?” ಎಂದ ರಾಯ್ಸ್, ಕಣ್ಣು ಬಿಟ್ಟು.

“ಇದ್ದಷ್ಟು.”

“ಕತ್ತರಿ ಹಿಡಿಯೋದು ಹಾಗಲ್ಲ. ಹೆಬ್ಬೆರಳು ಕೆಳಗೆ ಇರಬೇಕು. ಕುರಿ ಉಣ್ಣೆ ಕತ್ತರಿಸ್ತಿದೀಯಾ?”

“ಕುರಿ ಆಗಿದ್ರೆ ಇಷ್ಟೊತ್ತಿಗೆ ಸುಮ್ನಾಗಿರ್ತಿತ್ತು.”

“ಹೆಬ್ಬೆರಳು ಕೆಳಗೆ!”

“ಮೇಲೆ.”

“ಮೂವತ್ತು ವರ್ಷದಿಂದ ಅಂಗಡಿ ಇಟ್ಟಿರೋನು ನಾನು!”

“ಮೂವತ್ತು ವರ್ಷದಿಂದ ತಪ್ಪು ಹಿಡೀತಿದೀಯ,” ಎಂದ ಡೆಲ್ಮರ್. ಕಿವಿ ಹಿಡಿದು ಅವನ ತಲೆಯನ್ನು ಮುಂದಕ್ಕೆ ಬಗ್ಗಿಸಿದ. “ಅಲ್ಲಾಡಬೇಡ.”